ಇಲಿಬೋನಿನ ಬಾಗಿಲು

"ಸ್ಟೋವ್ ಹೊಸದಾ? ಇಲಿಬೋನು ಹೊಸದಾ? ಎರಡನ್ನೂ ಸೇರ್ಸೋದು ಯಾವ ಫಿಟ್ಟರಿಗಾದ್ರೂ ಹೊಳೆಯೋ ವಿಷ್ಯ. ಅಷ್ಟಕ್ಕೆ ಸಹಿ ಹಾಕಿ ಸಾಕು, ಏಕಾಂತಯ್ಯನವರೇ," ಎಂದು ಮ್ಯಾನೇಜರ್ ರೇವಣಸಿದ್ದಯ್ಯ ಟೈಪ್ ಮಾಡಿಸಿದ್ದ ಕಾಗದವನ್ನು ಮುಂದಕ್ಕೆ ತಳ್ಳಿದರು.

ರಾಜಾಜಿನಗರದ ಆ ಸೀಮೆಎಣ್ಣೆ ಸ್ಟೋವ್ ಕಾರ್ಖಾನೆಯಲ್ಲಿ ಏಕಾಂತಯ್ಯ ಹದಿನೆಂಟು ವರ್ಷದಿಂದ ಫೋರ್‌ಮನ್. ಅವರ ಕೈಕೆಳಗೆ ಕೆಲಸ ಕಲಿತು, ಈಗ ಕುರುಬರಹಳ್ಳಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಮುನಿಯಪ್ಪ ಮದ್ರಾಸಿನ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿದ್ದ. ಅವನ ಸ್ಟೋವ್ ವಾಲಿದರೆ ಸಾಕು, ಇಲಿಬೋನಿನ ಬಾಗಿಲಿನಂತೆ ಒಂದು ಮುಚ್ಚಳ ಪಟ್ಟನೆ ಬತ್ತಿಗಳ ಮೇಲೆ ಬಿದ್ದು ಬೆಂಕಿ ಆರುತ್ತಿತ್ತು. ಪೇಟೆಂಟ್ ಸಿಕ್ಕಿಬಿಟ್ಟರೆ ಅವನನ್ನು ಕೇಳದೆ ಕಾರ್ಖಾನೆ ಅಂಥದ್ದನ್ನು ಮಾಡುವಂತಿರಲಿಲ್ಲ. ಯಾರಿಗಾದರೂ ಹೊಳೆಯುವಂಥದ್ದು ಎಂದು ತೋರಿಸಿದರೆ ಪೇಟೆಂಟ್ ಸಿಗುವುದಿಲ್ಲ; ಅದಕ್ಕೇ ಈ ತಕರಾರು.

ಮಗುಚಿದರೂ ಸುಡದಂಥ ಸ್ಟೋವಿಗೆ ದಾರಿ ಹುಡುಕುತ್ತಾ ಏಕಾಂತಯ್ಯ ಆರು ವರ್ಷ ಕಳೆದಿದ್ದರು. ತಳ ಅಗಲ ಮಾಡಿದರು, ಅಡಿಭಾಗಕ್ಕೆ ಸೀಸದ ತೂಕ ಕಟ್ಟಿದರು, ಬತ್ತಿಯ ಕೊಳವೆ ಬದಲಿಸಿದರು. ಒಂದೂ ಕೈಗೂಡಲಿಲ್ಲ. ಆ ಹಾಳು ಇಲಿಬೋನು ಮಾತ್ರ ತಲೆಗೆ ಬರಲಿಲ್ಲ. ಮಾಡಿದ್ದನ್ನು ತಂದು ಎದುರಿಗಿಟ್ಟ ಮೇಲೆ ಎಲ್ಲರೂ ಜಾಣರೇ!

"ಅಷ್ಟು ಸುಲಭ ಆಗಿದ್ರೆ ನಾನೇ ಮಾಡ್ತಿದ್ನಲ್ಲ ಸಾರ್?"

"ಅದನ್ನ ನಿಮ್ಮನ್ನ ಯಾರು ಕೇಳಿದ್ರು? ಸೂಪರಿಂಟೆಂಡೆಂಟ್ ಕೆಲಸಕ್ಕೆ ನಿಮ್ಮ ಹೆಸರೇ ಕಳಿಸ್ತಾ ಇದೀನಿ. ಹಾಕಿ, ಹಾಕಿ."

ಹಾಕಿದರು. ಎಂದಿನಂತೆ ಹೆಸರಿನ ಕೆಳಗೆ ಗೆರೆಯನ್ನೂ ಎಳೆದರು. ಅದಕ್ಕಾಗಿಯೇ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

ಸಂಜೆ ಗೇಟಿನ ಹೊರಗೆ ಮುನಿಯಪ್ಪ ಸೈಕಲ್ ಹಿಡಿದು ನಿಂತಿದ್ದ.

"ಸಾರ್, ಪೇಟೆಂಟ್ ಆಫೀಸಿನೋರು ನಿಮ್ಮನ್ನೇ ಕೇಳ್ತಾರಂತೆ? ಒಳ್ಳೇದಾಯ್ತು ಬಿಡಿ. ನೀವು ಆರು ವರ್ಷ ಒದ್ದಾಡಿದ್ದು ನಾನೇ ಕಣ್ಣಾರೆ ನೋಡಿದೀನಿ. ಅದೊಂದು ಹೇಳ್ಬಿಡಿ ಸಾರ್. ನಿಮ್ಮಂಥೋರಿಗೇ ಹೊಳೀಲಿಲ್ಲ ಅಂದ್ರೆ ಇನ್ನ್ಯಾರಿಗೆ ಹೊಳೆಯುತ್ತೆ?"

"ಹೊತ್ತಾಯ್ತು ಕಣೋ, ಮನೇಲಿ ಕಾಯ್ತಿರ್ತಾರೆ," ಎಂದು ಏಕಾಂತಯ್ಯ ಅವನ ಮುಖ ನೋಡದೆ ನಡೆದರು.

ಮನೆಯಲ್ಲಿ ಹೆಂಡತಿ ಜಗದಾಂಬಾ ಕಾಫಿಗೆ ಸ್ಟೋವ್ ಹಚ್ಚುತ್ತಿದ್ದರು. ಅವರ ಬಲಗೈಯ ಚರ್ಮ ಮಣಿಕಟ್ಟಿನಿಂದ ಮೊಣಕೈವರೆಗೆ ಸುಕ್ಕುಗಟ್ಟಿತ್ತು. ಹಿಂದೊಮ್ಮೆ ಇದೇ ಅಡುಗೆಮನೆಯಲ್ಲಿ ಸ್ಟೋವ್ ಮಗುಚಿ ಸುಟ್ಟಿದ್ದು. ಏಕಾಂತಯ್ಯ ಹುಡುಕಲು ಶುರುಮಾಡಿದ್ದೇ ಆ ಕೈ ನೋಡಿ. ಸ್ಟೋವಿನ ಪಕ್ಕದ ಹಲಗೆಯ ಮೇಲೆ, ಒಂದು ಗೇಣು ದೂರದಲ್ಲಿ, ಕೊಬ್ಬರಿ ಚೂರು ಸಿಕ್ಕಿಸಿದ ಇಲಿಬೋನು ಬಾಯಿ ತೆರೆದು ಕೂತಿತ್ತು.

"ಆ ಬೋನು ಅಲ್ಲಿಂದ ತೆಗಿ."

"ಯಾಕ್ರೀ? ಯಾವಾಗ್ಲೂ ಅಲ್ಲೇ ಇರೋದಲ್ವಾ?"

"ತೆಗಿ ಅಂದ್ನಲ್ಲ!"

ಜಗದಾಂಬಾ ಗಂಡನನ್ನೊಮ್ಮೆ ನೋಡಿ, ಆ ಸುಟ್ಟ ಕೈಯಲ್ಲೇ ಬೋನನ್ನು ಎತ್ತಿದರು. ಅದು ವಾಲಿತು, ಬಾಗಿಲು ಪಟ್ಟನೆ ಬಿತ್ತು. ಮಸಿ ಹಿಡಿದ ಹಲಗೆಯ ಮೇಲೆ ಬೋನಿನಷ್ಟು ಅಗಲದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು.