ಐವತ್ತೆರಡು ಸೆಕೆಂಡು

ಹನ್ನೊಂದು ಗಂಟೆಗೆ ಸಂಸ್ಥೆಯವರು ಬರುವವರಿದ್ದರು. ಮುದ್ರಣಾಲಯದ ಮೇಲಿನ ಆ ಪುಟ್ಟ ಕಚೇರಿಯಲ್ಲಿ ಬೆಳಗ್ಗೆಯಿಂದ ಯಾರೂ ಕೂತಲ್ಲಿ ಕೂತಿರಲಿಲ್ಲ. ಯಜಮಾನರು ಕುರ್ಚಿಗಳನ್ನು ಮೂರನೇ ಸಲ ಸಾಲಾಗಿ ಜೋಡಿಸಿ, "ಗಡಿಯಾರ, ಶಾಸ್ತ್ರ ಮುಗೀತಾ?" ಎಂದು ಕೇಳಿದರು.

ಗಡಿಯಾರ ಎಂದರೆ ಅಲ್ಲಿನ ಹಿರಿಯ ಎಂಜಿನಿಯರ್. ಯಾವ ಜಾಲತಾಣ ತೆರೆದರೂ ಎಷ್ಟು ಸೆಕೆಂಡು ಹಿಡಿಯಿತೆಂದು ಅಳೆಯದೆ ಬಿಡುವವಳಲ್ಲ, ಅದಕ್ಕೇ ಆ ಅಡ್ಡಹೆಸರು. ಇನ್ನು ಶಾಸ್ತ್ರದ ಮಾತು. ಅವರು ಮಾಡಿಕೊಡುವ ಜಾಲತಾಣಗಳೆಲ್ಲ ಜಾಲತಾಣಗಳಿಗೆ ಜಾಗ ಕೊಡುವ ಒಂದು ಕ್ಲೌಡ್ ಕಂಪನಿಯ ಉಚಿತ ಯೋಜನೆಯಲ್ಲಿ ಇರುತ್ತಿದ್ದವು. ಕಾಲು ಗಂಟೆ ಯಾರೂ ಬಾರದಿದ್ದರೆ ಅಲ್ಲಿನ ಸರ್ವರ್ ನಿದ್ದೆಹೋಗುತ್ತಿತ್ತು. ಆಮೇಲೆ ಮೊದಲು ಬಂದವರು ಅದು ಏಳುವವರೆಗೆ ಕಾಯಬೇಕು. ಹಾಗಾಗಿ ಗಿರಾಕಿಗೆ ತೋರಿಸುವ ಮುನ್ನ ಯಾರಾದರೂ ಒಮ್ಮೆ ಪುಟ ತೆರೆದು ಅದನ್ನು ಎಬ್ಬಿಸಿಡುವುದು ಕಚೇರಿಯ ರೂಢಿ. ಅದೇ ಶಾಸ್ತ್ರ. ಪೀಠೋಪಕರಣದ ಅಂಗಡಿಗೆ, ಸಂಗೀತ ಶಾಲೆಗೆ ಅದು ನಡೆದುಹೋಗಿತ್ತು. ಕುರ್ಚಿ ಕೊಳ್ಳುವವನು ಒಂದು ನಿಮಿಷ ಕಾದರೆ ಯಾರ ಗಂಟೂ ಹೋಗುವುದಿಲ್ಲ.

ಈ ಸಲದ್ದು ಕುರ್ಚಿಯ ವ್ಯಾಪಾರವಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆಯ ಕೆಲಸ. ಅಪಾಯದಲ್ಲಿರುವವಳು ಫೋನಿನಲ್ಲಿ ಪುಟ ತೆರೆದು ಕೆಂಪು ಗುಂಡಿ ಒತ್ತಿದರೆ, ಆಶ್ರಯಧಾಮದವರ ಫೋನು ಬಡಿದುಕೊಂಡು ಅವಳಿರುವ ಜಾಗ ತೋರಿಸಬೇಕು. ಇದನ್ನು ಎಲ್ಲಿಡಬೇಕೆಂದು ಮೂರು ಕ್ಲೌಡ್ ಕಂಪನಿಗಳನ್ನು ಹೋಲಿಸಿ ವರದಿ ಬರೆದವಳು ಆ ಹಿರಿಯ ಎಂಜಿನಿಯರೇ. ಉಚಿತ ಯೋಜನೆಯ ಮುಂದೆ 'ಎರಡು ಸೆಕೆಂಡು' ಎಂದು ಬರೆದಿದ್ದಳು. ಅದು ಎಬ್ಬಿಸಿಟ್ಟ ಮೇಲೆ ಅಳೆದದ್ದು. ರೂಢಿ ಎಷ್ಟು ಮೈಗೂಡಿತ್ತೆಂದರೆ, ಮಲಗಿದ್ದಾಗಲೂ ಅಳೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ನಿನ್ನೆ ಆಶ್ರಯಧಾಮಕ್ಕೆ ಹೋಗಿ ಗುಂಡಿ ಬಳಸುವುದನ್ನು ಹೇಳಿಕೊಟ್ಟಿದ್ದಳು. ಅಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸೊಬ್ಬಳು ಸೂಜಿ ಕೆಳಗಿಟ್ಟು, "ಒತ್ತಿದ ತಕ್ಷಣ ಹೋಗುತ್ತಾ ಮೇಡಂ? ನಮಗೆ ಫೋನು ಕೈಗೆ ಸಿಗೋದೇ ಒಂದು ಗಳಿಗೆ" ಎಂದಿದ್ದಳು.

"ಎರಡೇ ಸೆಕೆಂಡು" ಎಂದು ಹೇಳಿ ಬಸ್ಸು ಹತ್ತಿದವಳಿಗೆ ಆಗ ಹೊಳೆಯಿತು: ಈ ಗುಂಡಿಯನ್ನು ದಿನವಿಡೀ ಯಾರೂ ಒತ್ತುತ್ತಿರುವುದಿಲ್ಲ. ವಾರಕ್ಕೊಬ್ಬಳು ಒತ್ತಿದರೆ ಹೆಚ್ಚು. ಅಂದರೆ ಪ್ರತಿ ಸಲವೂ ಸರ್ವರ್ ಮಲಗಿಯೇ ಇರುತ್ತದೆ. ಮನೆಗೆ ಹೋದವಳೇ ಚಪ್ಪಲಿಯನ್ನೂ ಬಿಡದೆ ಅಳೆದಳು. ಐವತ್ತೆರಡು ಸೆಕೆಂಡು.

ಬೆಳಗ್ಗೆ ಯಜಮಾನರಿಗೆ ಇದನ್ನೆಲ್ಲ ಹೇಳಿದ್ದೂ ಆಗಿತ್ತು.

"ಹತ್ತು ನಿಮಿಷಕ್ಕೊಮ್ಮೆ ತಾನಾಗೇ ಏಳೋ ಹಾಗೆ ಮಾಡಮ್ಮ, ಮುಗೀತಲ್ಲ."

"ಯೋಚಿಸಿದೆ ಸರ್. ಉಚಿತದಲ್ಲಿ ತಿಂಗಳಿಗೆ ಇಷ್ಟೇ ಗಂಟೆ ಅಂತ ಮಿತಿ ಇದೆ. ಸದಾ ಎದ್ದೇ ಇದ್ರೆ ಕೊನೇ ವಾರ ಪೂರ್ತಿ ಮುಚ್ಕೊಂಡ್‌ಬಿಡುತ್ತೆ. ದುಡ್ಡು ಕೊಟ್ಟು ಮಲಗದೇ ಇರೋ ಯೋಜನೆಗೇ ಹೋಗ್ಬೇಕು."

"ಎರಡು ವರ್ಷ ಪುಕ್ಕಟೆ ನಡೆಸಿಕೊಡ್ತೀವಿ ಅಂತ ಮಾತು ಕೊಟ್ಟೇ ಈ ಕೆಲಸ ಹಿಡಿದಿದ್ದು. ಶುಕ್ರವಾರ ಉದ್ಘಾಟನೆ. ಈಗ ಜಾಗ ಬದಲಾಯಿಸಿ, ಮತ್ತೆ ಪರೀಕ್ಷೆ ಮಾಡಿ, ಅವರ ಸಮಿತಿ ಒಪ್ಪೋ ಹೊತ್ತಿಗೆ ಮೂರು ವಾರ. ಅಲ್ಲಿವರೆಗೂ ಆ ಹೆಣ್ಣುಮಕ್ಕಳಿಗೆ ಏನಿರುತ್ತೆ ಹೇಳು? ನಿಧಾನದ ಗುಂಡಿ ಬೇಡ ಅಂತ ಗುಂಡಿನೇ ಇಲ್ಲದ ಹಾಗೆ ಮಾಡ್ತೀಯಾ?" ಮೇಲೆ ಸೇರಿಸಿದ್ದರು: "ಮತ್ತೆ, ವರದಿ ಕೆಳಗಿರೋ ಸಹಿ ನಿಂದು. ನೆನಪಿರಲಿ."

ಯಜಮಾನರು ಕೆಟ್ಟವರಲ್ಲ, ತೊಂದರೆಯೇ ಅದು. ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದುಹೋಗಬಹುದಿತ್ತು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು.

"ಶಾಸ್ತ್ರ ಮುಗೀತಾ ಅಂದೆ" ಎಂದು ಅವರು ಮತ್ತೆ ಕೇಳಿದರು.

ಅವಳು ತನ್ನ ಫೋನನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದಳು. "ಇಲ್ಲ ಸರ್. ಇವತ್ತು ಮಾಡಲ್ಲ."

ಯಜಮಾನರು ತಮ್ಮ ಫೋನಿಗಾಗಿ ಜೇಬಿಗೆ ಕೈ ಹಾಕುವಷ್ಟರಲ್ಲಿ ಬಾಗಿಲು ತೆರೆಯಿತು. ಸಂಸ್ಥೆಯ ಕಾರ್ಯದರ್ಶಿ, ಅವರ ಹಿಂದೆ ಆಶ್ರಯಧಾಮ ನೋಡಿಕೊಳ್ಳುವ ದೊಡ್ಡಕ್ಕ.

ಕುಶಲದ ಮಾತಿಗೆ ದೊಡ್ಡಕ್ಕ ನಿಲ್ಲುವವರಲ್ಲ. ಕೂತವರೇ ತಮ್ಮ ಫೋನು ತೆಗೆದು ಪುಟಕ್ಕೆ ಬೆರಳಿಟ್ಟರು. ಬಿಳಿ ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗತೊಡಗಿತು.

"ನೆಟ್‌ವರ್ಕ್ ಸ್ವಲ್ಪ..." ಎಂದರು ಯಜಮಾನರು.

"ನೆಟ್‌ವರ್ಕ್ ಚೆನ್ನಾಗೇ ಇದೆ" ಎಂದಳು ಅವಳು.

ಯಜಮಾನರು ಇನ್ನೇನೋ ಹೇಳಹೊರಟಾಗ ದೊಡ್ಡಕ್ಕ ಕೈಯೆತ್ತಿ ತಡೆದರು. "ಸುಮ್ನಿರಿ. ಕಾಯೋಣ."

ಕಾದರು. ಕೆಳಗೆ ಮುದ್ರಣ ಯಂತ್ರ ಕಾಗದದ ಮೇಲೆ ಕಾಗದ ಉಗುಳುತ್ತಿತ್ತು. ಕಾರ್ಯದರ್ಶಿ ಕನ್ನಡಕ ಒರೆಸಿ ಹಾಕಿಕೊಂಡರು. ಚಕ್ರ ತಿರುಗುತ್ತಲೇ ಇತ್ತು. ಪುಟ ಬಂದಾಗ ಗುಂಡಿ ಒತ್ತಬೇಕೆಂಬುದೇ ಎಲ್ಲರಿಗೂ ಮರೆತಂತಿತ್ತು.

"ಬಾಗಿಲು ಒದ್ದು ಒಳಗೆ ಬರೋಕೆ ಇಷ್ಟು ಹೊತ್ತು ಬೇಡ" ಎಂದರು ದೊಡ್ಡಕ್ಕ, ಮೆಲ್ಲಗೆ.

ಅವಳು ಎದ್ದು ನಿಂತಳು. "ವರದೀಲಿ ಎರಡು ಸೆಕೆಂಡು ಅಂತ ಬರೆದಿದ್ದು ತಪ್ಪು. ಯಾರೂ ಬರದಿದ್ರೆ ಸರ್ವರ್ ಮಲಗಿಬಿಡುತ್ತೆ, ನಾನು ಎಬ್ಬಿಸಿಟ್ಕೊಂಡು ಅಳೆದಿದ್ದೆ. ತಪ್ಪು ನಂದು."

ಕಾರ್ಯದರ್ಶಿಯ ದನಿ ಗಡುಸಾಯಿತು. ಯಜಮಾನರ ಕಡೆ ತಿರುಗಿ, "ಇದು ನಿಮಗೂ ಗೊತ್ತಿತ್ತಾ?" ಎಂದರು.

ಒಂದು 'ಇಲ್ಲ' ಸಾಕಿತ್ತು. ಸಹಿ ಅವಳದು, ತಪ್ಪೊಪ್ಪಿಕೊಂಡವಳೂ ಅವಳೇ. ತನ್ನ ಕೆಲಸ ಹೋಯಿತೆಂದೇ ಅವಳು ಎಣಿಸಿದಳು. ಯಜಮಾನರು ಕುರ್ಚಿಯ ಬೆನ್ನು ಹಿಡಿದು ನೆಲ ನೋಡುತ್ತ ನಿಂತರು.

"ಗೊತ್ತಿತ್ತು" ಎಂದರು ಕೊನೆಗೆ. "ಬೆಳಗ್ಗೇನೇ ಹೇಳಿದ್ಲು, ಬಾಯಿ ಮುಚ್ಚಿಸಿದ್ದು ನಾನು. ಎಬ್ಬಿಸಿಟ್ಟು ತೋರಿಸೋದು ಈ ಕಚೇರಿಗೆ ನಾನೇ ಹತ್ತಿಸಿದ ಚಾಳಿ. ಮೂರು ವಾರ ಕೊಡಿ. ಮಲಗದ ಜಾಗಕ್ಕೆ ಹಾಕಿಕೊಡ್ತೀವಿ."

"ಮೂರು ವಾರ ನಮ್ಮ ಹಳೇ ಸಹಾಯವಾಣಿ ಫೋನೇ ಇರಲಿ" ಎಂದರು ದೊಡ್ಡಕ್ಕ. "ಅದನ್ನ ಎತ್ತೋಕೆ ಪಾಳಿ ಮೇಲೆ ಒಬ್ಬರಲ್ಲ ಒಬ್ಬರು ಎಚ್ಚರ ಇರ್ತೀವಿ. ಶುಕ್ರವಾರದ ಹಾರ ತುರಾಯಿ ಯಾರಿಗೆ ಬೇಕಾಗಿತ್ತು?"

ಉದ್ಘಾಟನೆ ನಡೆಯಲಿಲ್ಲ. ಕಾರ್ಯದರ್ಶಿ ಗೊಣಗಿಕೊಂಡೇ ಸಮಿತಿಯನ್ನು ಒಪ್ಪಿಸಿದರು. ಹೊಸ ಜಾಗದಲ್ಲಿ ಗುಂಡಿ ಸದ್ದಿಲ್ಲದೆ ಶುರುವಾಯಿತು.

ಅದಾದ ಆರನೇ ದಿನ, ಊಟದ ನಂತರದ ಹೊತ್ತು, ಕಚೇರಿಯ ಪರದೆಯಲ್ಲಿ ಒಂದು ಕೆಂಪು ಸಾಲು ಮೂಡಿತು. ಅಲ್ಲಿ ಹೆಸರು, ವಿಳಾಸ ಕಾಣುವುದಿಲ್ಲ, ವೇಳೆ ಮತ್ತು ಆಶ್ರಯಧಾಮದವರ ಉತ್ತರ ಮಾತ್ರ.

"ಪರೀಕ್ಷೆ ಮಾಡ್ತಿದ್ದೀಯಾ?" ಎಂದು ಯಜಮಾನರು ಕೇಳಿದರು.

"ನಾನಲ್ಲ ಸರ್. ನೀವು ಅಂದ್ಕೊಂಡೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಗುಂಡಿ ಒತ್ತಿದ ಸುದ್ದಿ ಆಶ್ರಯಧಾಮ ತಲುಪಲು ಹಿಡಿದದ್ದು ಒಂದೂವರೆ ಸೆಕೆಂಡು. ಕೆಳಗೆ ಆಗಲೇ ಇನ್ನೊಂದು ಸಾಲು ಬಂದಿತ್ತು: 'ಹೊರಟೆವು.'

ಯಜಮಾನರು ಕೂರಲಿಲ್ಲ. ಅವಳೂ ಕೂರಲಿಲ್ಲ. ಹದಿನೇಳು ನಿಮಿಷದ ಮೇಲೆ ದೊಡ್ಡಕ್ಕನಿಂದ ಮೂರನೇ ಸಾಲು ಬಂತು: 'ಸಿಕ್ಕಳು. ನಮ್ಮ ಜೊತೆಗಿದ್ದಾಳೆ.'