ಬೆಳಗಿನ ತರಗತಿಯ ದೊಡ್ಡಕ್ಕ

"ಸಂಜೆಯ ಸಾರು ಅರ್ಧ ಮಾಡ್ಬಿಡೋಣ್ವಾ ಯಜಮಾನ್ರೇ? ಸುಮ್ನೆ ಕೆಟ್ಟುಹೋಗುತ್ತೆ," ಎಂದು ಅಡುಗೆಯ ಹೆಂಗಸು ಬಾಗಿಲಲ್ಲಿ ನಿಂತು ಕೇಳಿದಾಗ ಸಾಂಗ್‌ಗು ಹೆಂಡತಿಯ ಫೋಟೊದ ಮುಂದೆ ಮುಗಿಯುತ್ತ ಬಂದಿದ್ದ ಊದುಬತ್ತಿಯಿಂದ ಇನ್ನೊಂದನ್ನು ಹಚ್ಚುತ್ತಿದ್ದ. ಬೂದಿ ಬಿಳಿ ಬಟ್ಟೆಯ ಮೇಲೆ ಬಿತ್ತು.

ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಾವಾದ ಎರಡನೆಯ ದಿನದ ಮಧ್ಯಾಹ್ನವೂ ಕಳೆದಿತ್ತು. ಮರುದಿನ ಬೆಳಗಾಗುವ ಮೊದಲೇ ಶವಪೆಟ್ಟಿಗೆ ಹೊರಡಬೇಕು. ಶವಸಂಸ್ಕಾರ ಭವನದ ಎರಡನೇ ಕೋಣೆಯ ಉದ್ದನೆಯ ಮೇಜುಗಳ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಒಂದು ಸುಕ್ಕೂ ಇಲ್ಲದೆ ಹಾಗೇ ಇತ್ತು. ಅವನ ಅಂಗಡಿಯಿದ್ದ ಕಟ್ಟಡದ ಮಾಲೀಕ ಬಂದು ಹೋಗಿದ್ದ. ಎದುರು ಸಾಲಿನ ಔಷಧದಂಗಡಿಯ ಗಂಡಹೆಂಡತಿ ಬಂದಿದ್ದರು. ಅಳಿಯನ ಆಫೀಸಿನಿಂದ ನಾಲ್ಕಾರು ಜನ ಬಂದು ಶಿಸ್ತಾಗಿ ಅಡ್ಡಬಿದ್ದು, ಉಂಡು ಹೋದರು. ಆ ಆಫೀಸಿನವರಾರೂ ಅವನ ಹೆಂಡತಿ ಪಿಲ್‌ನಾಮ್‌ಳನ್ನು ಒಮ್ಮೆಯೂ ನೋಡಿದವರಲ್ಲ. ಗೋಡೆಯಾಚೆ, ಸಾವಾಗಿದ್ದ ಇನ್ನೊಂದು ಮನೆಯವರ ಮೂರನೇ ಕೋಣೆಯಲ್ಲಾದರೋ ಕಾಲಿಡಲು ಜಾಗವಿರಲಿಲ್ಲ. ಅವರಿಗೆ ಬಂದ ಬಿಳಿ ಸೇವಂತಿಗೆಯ ಹೂಚಕ್ರಗಳು ಹಜಾರದುದ್ದಕ್ಕೂ ಸಾಲುಗಟ್ಟಿ, ಇವರ ಬಾಗಿಲಿನ ಅರ್ಧವನ್ನೂ ಮುಚ್ಚಿದ್ದವು.

"ಸಂಜೆ ನೋಡೋಣ," ಎಂದ ಸಾಂಗ್‌ಗು.

ಯಾರು ಬರುತ್ತಾರೆ ಎಂದು ನೋಡುವುದು? ಮಸಾನ್ ಪೇಟೆಯ ಅವರ ಡ್ರೈಕ್ಲೀನಿಂಗ್ ಅಂಗಡಿ ವರ್ಷಕ್ಕೆ ನಾಲ್ಕು ದಿನ ಮಾತ್ರ ಮುಚ್ಚುತ್ತಿತ್ತು. ಅವನು ಇಸ್ತ್ರಿ ಮೇಜಿನ ಹಿಂದೆ, ಅವಳು ಹೊಲಿಗೆ ಯಂತ್ರದ ಹಿಂದೆ. ನಡುವೆ ಹಬೆ. ಊರಿನವರ ಕೋಟುಗಳೆಲ್ಲ ಅವರಿಗೆ ಗೊತ್ತಿದ್ದವು. ಊರಿನವರಿಗೆ ಅವಳು ಗೊತ್ತಿರಲಿಲ್ಲ. ಅರವತ್ತೆಂಟು ವರ್ಷ ಬದುಕಿದ ಹೆಂಗಸಿಗೆ ಅಳುವವರು ಇಷ್ಟೇ ಜನ ಎಂದರೆ ಅದಕ್ಕೆ ಹೊಣೆ ತಾನೇ, ಆ ಮೂಲೆಯಲ್ಲಿ ಅವಳನ್ನು ಕೂರಿಸಿದವನು ತಾನೇ ಎಂಬ ಯೋಚನೆ ನಿನ್ನೆಯಿಂದ ಅವನನ್ನು ಬಿಟ್ಟಿರಲಿಲ್ಲ.

ಮಗಳು ಬೊರಾಮ್ ಬಂದು ಪಕ್ಕದಲ್ಲಿ ಕುಳಿತಳು. "ಅಪ್ಪ, ಇಲ್ಲಿನ ಮ್ಯಾನೇಜರ್ ಕೇಳ್ತಿದಾರೆ. ನಾಳೆ ಸುಡುಗಾಡಿಗೆ ಹೋಗೋ ದಾರೀಲಿ ಬಸ್ಸು ಎಲ್ಲಾದ್ರೂ ನಿಲ್ಲಿಸ್ಬೇಕಾ ಅಂತ. ಅಮ್ಮನಿಗೆ ಇಷ್ಟವಾದ ಜಾಗ ಯಾವ್ದಾದ್ರೂ ಇದ್ರೆ ಫೋಟೊ ಒಳಗೆ ತಗೊಂಡ್ಹೋಗಿ ಒಂದು ಸುತ್ತು ತೋರಿಸ್ಕೊಂಡು ಬರಬಹುದು."

"ಅಂಗಡಿ," ಎಂದ. "ಇನ್ಯಾವ ಜಾಗ ಇದೆ ಅವಳಿಗೆ?"

*

ಬೊರಾಮ್ ಮದುವೆಯಾಗಿ ಹೋದ ವರ್ಷ ಪಿಲ್‌ನಾಮ್ ಡೋಲು ಕಲಿಯಲು ಹೊರಟಳು. ವಾರ್ಡಿನ ಸಮುದಾಯ ಭವನದಲ್ಲಿ ವಯಸ್ಕರಿಗೆ ಕಡಿಮೆ ಶುಲ್ಕದ ತರಗತಿಗಳಿದ್ದವು. ಮೇಲಿನ ಮಹಡಿಯವರು ದೂರು ಕೊಟ್ಟ ಮೇಲೆ ಡೋಲು ಹೋಗಿ ಮೌತ್ ಆರ್ಗನ್ ಬಂತು. ಉಸಿರು ಸಾಲದೆ ಅದೂ ಹೋಯಿತು. ಆಮೇಲೆ ಕುಂಚ ಹಿಡಿದು ಅಕ್ಷರ ಬರೆಯುವುದು.

"ಇದು ಎಷ್ಟು ದಿನ?" ಎಂದು ಸಾಂಗ್‌ಗು ಪ್ರತಿಸಲವೂ ಕೇಳುತ್ತಿದ್ದ. ಅದರಲ್ಲಿ ಕೆಡುಕೇನೂ ಇರಲಿಲ್ಲ, ಗಿರಾಕಿಗೆ "ಯಾವತ್ತು ಬೇಕು?" ಎಂದು ಕೇಳಿದ ಹಾಗೆ ಕೇಳುತ್ತಿದ್ದ.

"ಗೊತ್ತಿಲ್ಲ ಕಣ್ರೀ. ಮಾಡಿ ನೋಡ್ಬೇಕು ತಾನೆ?"

"ಈ ವಯಸ್ಸಲ್ಲಿ ನೋಡಿ ಏನ್ಮಾಡ್ತೀಯ?"

"ಈ ವಯಸ್ಸಲ್ಲಲ್ದೆ ಇನ್ಯಾವ ವಯಸ್ಸಲ್ಲಿ? ನೂರಾದ ಮೇಲಾ?"

ಕುಂಚದ ಕಾಲ ಒಂದು ಶನಿವಾರ ಮುಗಿಯಿತು. ಹೊಲಿಗೆ ಮೇಜಿನ ಮೇಲೆ ಅಭ್ಯಾಸ ಮಾಡುತ್ತಿದ್ದಾಗ ಮಸಿಯ ಬಟ್ಟಲು ಉರುಳಿ, ಮದುಮಗನೊಬ್ಬನ ಬಿಳಿ ಅಂಗಿಯ ಎದೆಯ ಮೇಲೆ ಹರಿಯಿತು. ಮಸಿ ಎಂದರೆ ನುಣ್ಣನೆಯ ಇಂಗಾಲ. ಅದು ಬಣ್ಣದ ಹಾಗೆ ಕರಗುವುದಿಲ್ಲ, ನೂಲಿನ ಸಂದಿಗೆ ಹೋಗಿ ಕೂರುತ್ತದೆ. ಸಾಂಗ್‌ಗು ಅನ್ನದ ಅಂಟು ಹಚ್ಚಿ, ಸಾಬೂನು ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಕೊನೆಗೆ ಹೊಸ ಅಂಗಿಯನ್ನೇ ಕೊಡಿಸಬೇಕಾಯಿತು.

"ಹುಡುಕೋದಾದ್ರೆ ಬಟ್ಟೆ ಹಾಳಾಗದ ಕೆಲಸ ಏನಾದ್ರೂ ಹುಡುಕ್ಕೊ ಮಾರಾಯ್ತಿ," ಎಂದಿದ್ದ.

ಅವಳು ಬಿದ್ದುಬಿದ್ದು ನಕ್ಕಿದ್ದಳು. ಅದಾದ ಮೇಲೆ ಯಾವ ತರಗತಿಯ ಸುದ್ದಿಯನ್ನೂ ಅವಳು ಮನೆಯಲ್ಲಿ ಎತ್ತಲಿಲ್ಲ. ಮಂಡಿನೋವಿಗೆ ನೀರಿನಲ್ಲಿ ನಡೆಯಲು ಡಾಕ್ಟರು ಹೇಳಿದ್ದಾರೆ ಎಂದು ಬೆಳಗಿನ ಹೊತ್ತು ನಗರಸಭೆಯ ಈಜುಕೊಳಕ್ಕೆ ಹೋಗತೊಡಗಿದಳು. ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಒದ್ದೆಕೂದಲಿನಲ್ಲಿ ವಾಪಸು ಬಂದಿರುತ್ತಿದ್ದಳು. ಔಷಧಿಗೆ ಯಾರೂ "ಎಷ್ಟು ದಿನ?" ಎಂದು ಕೇಳುವುದಿಲ್ಲ. ಅವನೂ ಕೇಳಲಿಲ್ಲ.

*

ಹೊರಗೆ ಹೆಂಗಸರ ಗುಂಪೊಂದು ಗುಸುಗುಸು ಮಾಡುತ್ತ ಹೂಚಕ್ರಗಳ ಸಂದಿಯಿಂದ ನುಸುಳಿಕೊಂಡು ಬಂತು. ಹತ್ತು ಹನ್ನೆರಡು ಜನ, ಎಲ್ಲರೂ ಕಪ್ಪು ಬಟ್ಟೆ. ಸಾಂಗ್‌ಗು ಎದ್ದುನಿಂತ. ಮುಂದಿದ್ದ ದಪ್ಪನೆಯ ಹೆಂಗಸು ಚಪ್ಪಲಿ ಬಿಡಲು ಬಗ್ಗಿದಾಗ ಅವಳ ಜಾಕೆಟ್ಟಿನ ಅಂಚು ಒಳಮೈ ಹೊರಗಾಗಿ ಮಡಿಚಿಕೊಂಡಿತು. ಅಂಚಿನ ಹೊಲಿಗೆ ಕಾಣಿಸಿತು. ಮೂಲೆ ಬಂದಲ್ಲಿ ದಾರವನ್ನು ಒಂದು ಸಲ ಹಿಂದಕ್ಕೆಳೆದು ಮುಂದೆ ಹೋಗುವ ಆ ಅಭ್ಯಾಸ ಪಿಲ್‌ನಾಮ್‌ಳದೇ. ಚೀಟಿ ಅಂಟಿಸದೆ, ದುಡ್ಡು ಪಡೆಯದೆ ಅವಳು ಆಗಾಗ ಹೊಲಿಯುತ್ತಿದ್ದ ಬಟ್ಟೆಗಳಿದ್ದವಲ್ಲ, ಅವುಗಳ ಬಗ್ಗೆ ಅವನು ಗೊಣಗಿದ್ದೂ ಇತ್ತು.

ಆದರೆ ಹೆಂಗಸರು ಒಳಗೆ ಬರಲಿಲ್ಲ. ಮೂರನೇ ಕೋಣೆಗೆ ಹೋದರು.

ಗಿರಾಕಿಗಳಿರಬೇಕು ಎಂದುಕೊಂಡು ಅವನು ಮತ್ತೆ ಕುಳಿತ. ಗೋಡೆ ತೆಳುವಾಗಿತ್ತು. ಅಡ್ಡಬೀಳುವ ಮಂಡಿಗಳ ದಡಬಡ, ಆಮೇಲೆ ಜೋರು ಅಳು, ಆಮೇಲೆ ಚಮಚಗಳ ಸದ್ದು ಎಲ್ಲವೂ ಕೇಳಿಸಿತು. ತಮ್ಮ ಕೋಣೆಯಲ್ಲಿ ಎರಡು ದಿನದಿಂದ ಕೇಳಿಸದ ಸದ್ದು ಅದು.

"ನಮ್ಮ ದೊಡ್ಡಕ್ಕನ ಬಟರ್‌ಫ್ಲೈ ಈಜು ನೋಡಿದೀರಾ ನೀವು?" ಎಂದು ಗಡಸು ದನಿಯ ಹೆಂಗಸೊಬ್ಬಳು ಯಾರನ್ನೋ ಕೇಳುತ್ತಿದ್ದಳು. "ನೀರಿಂದ ಎದ್ದು ಬಂದ್ರೆ ಥೇಟ್ ಡಾಲ್ಫಿನ್ನು!"

"ಯಾರು... ನಮ್ಮವ್ವಾನಾ?" ಗಂಡಸಿನ ದನಿ ಅನುಮಾನಿಸಿತು.

"ಮತ್ತಿನ್ಯಾರು! ಹೋದ ವಾರಾನೂ ಕೊಳದ ಈ ತುದಿಯಿಂದ ಆ ತುದೀಗೆ ನಿಲ್ಲದೆ ಹೊಡೆದ್ರು. ಮಂಡಿನೋವು ಅಂತ ನೀರಲ್ಲಿ ನಡೆಯೋಕೆ ಬಂದೋರು, ನಮ್ಮನ್ನೆಲ್ಲ ಹಿಂದೆ ಹಾಕ್ಬಿಟ್ರು."

"ಅಮ್ಮಾ, ನಮ್ಮವ್ವನಿಗೆ ತೊಂಬತ್ಮೂರು. ಹಾಸಿಗೆ ಹಿಡಿದೇ ಎಂಟು ವರ್ಷ ಆಯ್ತು."

ಚಮಚಗಳು ನಿಂತವು.

"ಗಿಸುನ್, ಮೆಸೇಜಲ್ಲಿ ಎಷ್ಟನೇ ಕೋಣೆ ಅಂತಿತ್ತೇ?"

"ಮೂರು ಅಂದ್ಕೊಂಡೆ..."

"ಕನ್ನಡಕ ಎಲ್ಲಿ ನಿಂದು?"

"ಈಜುಕೊಳದ ಲಾಕರಲ್ಲಿ."

"ಅಯ್ಯೋ ನಿನ್ನ! ಎರಡು ಬಟ್ಟಲು ಸಾರು ಕುಡಿದ್ಬಿಟ್ನಲ್ಲೇ ನಾನು!"

ಸಾಂಗ್‌ಗು ಅಷ್ಟು ಹೊತ್ತಿಗೆ ಎದ್ದಾಗಿತ್ತು. ಸತ್ತವರ ಮನೆಯವನು ತನ್ನ ಜಾಗ ಬಿಟ್ಟು ಇನ್ನೊಬ್ಬರ ಕೋಣೆಗೆ ಹೋಗುವ ರೂಢಿಯಿಲ್ಲ. ಅವನು ಹೋದ. ಹೊಸಿಲಲ್ಲಿ ನಿಂತು, ಆ ಮನೆಯವರಿಗೆ ತಲೆಬಾಗಿ, ಕೆಂಪಾದ ಮುಖಗಳ ಕಡೆ ತಿರುಗಿದ.

"ನಿಮ್ಮ ದೊಡ್ಡಕ್ಕ ಪಕ್ಕದ ಕೋಣೇಲಿದಾಳೆ," ಎಂದ. "ನಾನು ಅವಳ ಗಂಡ."

"ಅಯ್ಯೋ, ಭಾವ!" ಎಂದಳು ಗಿಸುನ್. ಜಾಕೆಟ್ಟಿನ ದಪ್ಪನೆಯ ಹೆಂಗಸು ಅವಳೇ. ಬಾಯಲ್ಲಿದ್ದುದನ್ನು ನುಂಗಿ, ಎದ್ದು, ಆ ಮನೆಯ ಹಿರಿಯ ಮಗನಿಗೆ ಮತ್ತೆ ಮತ್ತೆ ಬಾಗಿದಳು. "ತಪ್ಪಾಯ್ತಣ್ಣ. ನಿಮ್ಮವ್ವ ತುಂಬಾ ಒಳ್ಳೆಯವ್ರು ಅನ್ಸುತ್ತೆ."

"ಇರ್ಲಿ ಬಿಡಿ," ಎಂದ ಆತ. ತುಟಿಯಂಚಿನಲ್ಲಿ ನಗು ತಡೆದಿದ್ದ. "ಅವ್ವನಿಗೆ ಇಷ್ಟು ಚೆನ್ನಾಗಿ ಬೇರೆ ಯಾರೂ ಅಳ್ಲಿಲ್ಲ."

ಎರಡನೇ ಕೋಣೆಯಲ್ಲಿ ಅವರೆಲ್ಲ ಫೋಟೊದ ಮುಂದೆ ಸಾಲಾಗಿ ನಿಂತರು. ಆದರೆ ಯಾರೂ ಅಡ್ಡಬೀಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಂಗುರು ಕೂದಲನ್ನು ಅಂದವಾಗಿ ಬಾಚಿಕೊಂಡು ತಿಳಿನೇರಳೆ ಹನ್‌ಬೊಕ್ ಉಟ್ಟ ಹೆಂಗಸು ಫೋಟೊದಿಂದ ಅವರನ್ನು ನೋಡುತ್ತಿದ್ದಳು.

"ಇವ್ರೇನಾ?" ಎಂದು ಯಾರೋ ಪಿಸುಗುಟ್ಟಿದರು. "ಇನ್ನೊಂದ್ಸಲ ತಪ್ಪಾದ್ರೆ ಮರ್ಯಾದೆ ಹೋಗುತ್ತೆ."

"ಬಟ್ಟೆ ಹಾಕ್ಕೊಂಡ್ರೆ ನಿನ್ನನ್ನೇ ನಂಗೆ ಗುರುತು ಸಿಗಲ್ಲ."

ಅವರಲ್ಲೇ ಚಿಕ್ಕವಳು, ಚಾನ್‌ಮಿ, ಮುಂದೆ ಬಂದಳು. ಒಂದು ಅಂಗೈಯಿಂದ ಫೋಟೊದ ಕೂದಲನ್ನು ಹಣೆಯವರೆಗೆ ಮುಚ್ಚಿದಳು, ಈಜುಟೊಪ್ಪಿ ಹಾಕಿದ ಹಾಗೆ. ಇನ್ನೊಂದು ಕೈಯನ್ನು ಕುತ್ತಿಗೆಯ ಕೆಳಗೆ ಅಡ್ಡ ಹಿಡಿದು ಹನ್‌ಬೊಕ್ಕನ್ನು ಮರೆಮಾಡಿದಳು. ಮುಖವೊಂದೇ ಉಳಿಯಿತು.

"ಇವ್ರೇ," ಎಂದಳು. "ದೊಡ್ಡಕ್ಕಾ!"

ಆಮೇಲೆ ಬಂದ ಅಳುವಿಗೆ ಅಡುಗೆಯ ಹೆಂಗಸು ಸೌಟು ಹಿಡಿದುಕೊಂಡೇ ಓಡಿಬಂದಳು. ಅವಳು ಕೇಳುವ ಮೊದಲೇ ಸಾಂಗ್‌ಗು ಹೇಳಿದ: "ಸಾರು ಜಾಸ್ತಿ ಮಾಡಿ."

*

ಕತ್ತಲಾಗುವ ಮೊದಲು ಬೆಳಗಿನ ತರಗತಿಯ ಉಳಿದವರೂ ಬಂದರು. ಮೀನು ಮಾರುವವರು, ಟ್ಯಾಕ್ಸಿ ಓಡಿಸುವವನೊಬ್ಬ, ಬ್ಯಾಂಕಿನಿಂದ ನಿವೃತ್ತಳಾದ ಹೆಂಗಸು, ಈಜುಕೊಳದ ಬೀಗದ ಕೈ ಇಟ್ಟುಕೊಳ್ಳುವ ಮೇಲ್ವಿಚಾರಕಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಸಾರು ಚೆಲ್ಲಿತು, ಸೋಜು ಮದ್ಯ ಚೆಲ್ಲಿತು.

"ಎರಡು ತಿಂಗಳು ಮುಖವನ್ನೇ ನೀರಿಗೆ ಹಾಕ್ಲಿಲ್ಲ ಭಾವ," ಎಂದಳು ಗಿಸುನ್. "ಕಂಬಿ ಹಿಡ್ಕೊಂಡು ನಿಂತೇ ಇರೋರು. ಮೇಷ್ಟ್ರು ಬೈದ್ರೆ, 'ಡೋಲು ಬಿಟ್ಟೆ, ಮೌತ್ ಆರ್ಗನ್ ಬಿಟ್ಟೆ, ಕುಂಚ ಬಿಟ್ಟೆ, ಇದನ್ನ ಬಿಡಲ್ಲ ಹೋಗಿ' ಅನ್ನೋರು."

"ಆಮೇಲೆ?"

"ಆಮೇಲೇನು, ಒಂದಿನ ಮುಖ ಹಾಕಿದ್ರು. ಹಾಕಿದೋರು ಎತ್ತಲೇ ಇಲ್ಲ. ಮುಳುಗಿಹೋದ್ರು ಅಂತ ಟ್ಯಾಕ್ಸಿಯವ್ನು ಹಾರಿಬಿಟ್ಟ. ಎದ್ದು ಅವನಿಗೇ ಬೈದ್ರು, 'ಈಗ ತಾನೆ ಒಳಗೆ ಚೆನ್ನಾಗಿದೆ ಅನ್ನಿಸ್ತಿತ್ತು' ಅಂತ."

ಟ್ಯಾಕ್ಸಿಯವನು ತಲೆ ಕೆರೆದುಕೊಂಡ. "ನನ್ನ ಫೋನು ಜೇಬಲ್ಲೇ ಇತ್ತು ಅವತ್ತು."

ಸಾಂಗ್‌ಗು ನಕ್ಕ. ಎರಡು ದಿನದಲ್ಲಿ ಮೊದಲ ಸಲ ನಕ್ಕಿದ್ದು ಅವನಿಗೇ ಆಮೇಲೆ ತಿಳಿಯಿತು.

"ಮುಂದಿನ ತರಗತಿಗೆ ಹೋಗಿ ಅಂದ್ರೂ ಮಂಗಳವಾರ ಮಂಗಳವಾರ ಹೊಸಬರ ಮೊದಲ ಸಾಲಿಗೆ ಬರೋರು," ಎಂದಳು ಚಾನ್‌ಮಿ. "ನಾನು ಹೆದರಿ ನಡುಗ್ತಿದ್ದಾಗ ಪಕ್ಕದಲ್ಲಿ ನಿಂತು, 'ಹೆದರಿಕೆ ಇರ್ಲಿ, ಅದರ ಜೊತೇಗೇ ಉಸಿರಾಡು' ಅಂದ್ರು." ಅವಳು ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಗ್ಲಾಸಿಗೆ ಸುರಿದಳು. "ನಿಮ್ಮ ಬಗ್ಗೇನೂ ಹೇಳೋರು. ಇಸ್ತ್ರಿ ಹಿಡಿದು ಹಿಡಿದು ಅವರ ಭುಜ ಕಲ್ಲಾಗಿದೆ, ಒಂದಿನ ಕರ್ಕೊಂಡು ಬರ್ತೀನಿ ಅಂತ."

"ನನ್ನನ್ನ ಕರೀಲೇ ಇಲ್ಲ ಅವಳು."

"ಕರೆದಿದ್ರೆ ಬರ್ತಿದ್ರಾ ಭಾವ?" ಎಂದಳು ಗಿಸುನ್.

ಸಾಂಗ್‌ಗು ಗ್ಲಾಸಿನ ಅಂಚನ್ನು ನೋಡಿದ. "ಎಷ್ಟು ದಿನ ಅಂತ ಕೇಳ್ತಿದ್ದೆ," ಎಂದ.

ಗಿಸುನ್ ಅವನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದಳು.

ಅವನು ಮಗಳನ್ನು ಕರೆದ. "ಬೊರಾಮ್, ಬಸ್ಸು ಅಂಗಡಿ ಹತ್ರ ಬೇಡ. ಈಜುಕೊಳದ ಹತ್ರ ನಿಲ್ಲಿಸೋಕೆ ಹೇಳು." ಮೇಲ್ವಿಚಾರಕಿಯ ಕಡೆ ತಿರುಗಿದ. "ಆಗುತ್ತಾ?"

"ನಿಯಮದಲ್ಲಿಲ್ಲ," ಎಂದಳು ಆಕೆ. ಕಣ್ಣೊರೆಸಿಕೊಂಡಳು. "ಸಾರ್ವಜನಿಕರಿಗೆ ತೆಗೆಯೋಕೆ ಮುಂಚೆ ಬನ್ನಿ. ಬೀಗ ನನ್ನ ಹತ್ರಾನೇ ಇರುತ್ತೆ."

"ನಾವು ನೀರಲ್ಲೇ ಇರ್ತೀವಿ," ಎಂದಳು ಗಿಸುನ್. "ದೊಡ್ಡಕ್ಕನಿಗೆ ನಮ್ಮ ಗುರುತು ಸಿಗೋದು ಅಲ್ಲೇ."

*

ಬಸ್ಸು ನಿಂತಾಗ ಬಾನು ಇನ್ನೂ ಬೂದುಬಣ್ಣದಲ್ಲಿತ್ತು. ಒಳಗೆ ಎಲ್ಲ ದೀಪಗಳೂ ಉರಿಯುತ್ತಿದ್ದವು. ಬೆಚ್ಚನೆಯ ಗಾಳಿಯಲ್ಲಿ ಕ್ಲೋರಿನ್ನಿನ ವಾಸನೆ ಬಂದು ತಾಗಿದಾಗ ಸಾಂಗ್‌ಗು ಬಾಗಿಲಲ್ಲೇ ನಿಂತ. ಪ್ರತಿದಿನ ಬೆಳಗ್ಗೆ ಪಿಲ್‌ನಾಮ್ ಅಂಗಡಿಗೆ ತರುತ್ತಿದ್ದ ವಾಸನೆ ಅದು. ಅದನ್ನು ಔಷಧಿಯ ವಾಸನೆ ಎಂದೇ ಅವನು ತಿಳಿದಿದ್ದ.

ಬೂಟು, ಕಾಲುಚೀಲ ಬಿಚ್ಚಿಟ್ಟು ಒದ್ದೆ ಟೈಲ್ಸಿನ ಮೇಲೆ ನಡೆದರು. ಮುಂದೆ ಫೋಟೊ ಹಿಡಿದ ಬೊರಾಮ್, ಹಿಂದೆ ಅವನು, ಅಳಿಯ. ಕೊಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ತಲೆಗಳಿದ್ದವು, ಕೆಂಪು ಹಳದಿ ನೀಲಿ ಟೊಪ್ಪಿಗಳಲ್ಲಿ, ಕಣ್ಣಿಗೆ ಗಾಗಲ್ಸು. ರಾತ್ರಿ ತನ್ನ ಜೊತೆ ಕೂತು ಉಂಡವರಲ್ಲಿ ಒಬ್ಬರ ಗುರುತೂ ಅವನಿಗೆ ಸಿಗಲಿಲ್ಲ. ಬೊರಾಮ್ ಫೋಟೊವನ್ನು ಎತ್ತಿ ಹಿಡಿದು ಕೊಳದ ಉದ್ದಕ್ಕೂ ನಿಧಾನವಾಗಿ ನಡೆದಳು. ಫೋಟೊ ತಮ್ಮ ಮುಂದೆ ಬಂದ ಹಾಗೆ ಅವರು ಒಬ್ಬೊಬ್ಬರಾಗಿ ಬಾಗಿದರು. ನೀರಿನಲ್ಲಿ ನಿಂತು ಬಾಗಿದರೆ ಮುಖ ನೀರಿನೊಳಗೇ ಹೋಗುತ್ತದೆ. ಅವರು ಮುಖ ಮುಳುಗಿಸಿ ಹಾಗೇ ಇದ್ದರು. ಉಸಿರಿನ ಗುಳ್ಳೆಗಳು ಮೇಲೆ ಬಂದು ಒಡೆಯುವ ಸದ್ದೊಂದೇ ಇತ್ತು.

ಕೊನೆಯ ಮುಖ ಮೇಲೆ ಬಂದಾಗ ಬೊರಾಮ್ ಬಾಗಿಲ ಕಡೆ ಹೊರಟಿದ್ದಳು. ಸಾಂಗ್‌ಗು ಅಲ್ಲೇ ನಿಂತಿದ್ದ.

"ಮೊದಲನೇ ಸಾಲು ಯಾವ್ದು?" ಎಂದು ಕೇಳಿದ.

"ಇದೇ ಭಾವ." ಕೆಂಪು ಟೊಪ್ಪಿಯೊಂದು ಗಿಸುನ್‌ಳ ದನಿಯಲ್ಲಿ ಹೇಳಿತು. "ಇಲ್ಲಿ ಸೊಂಟದವರೆಗೆ ಅಷ್ಟೇ."

ಅವನು ಕಂಬಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟ.

"ಅಪ್ಪ! ಏನ್ಮಾಡ್ತಿದೀರಾ? ಬಸ್ಸು ಕಾಯ್ತಿದೆ!" ಬೊರಾಮ್ ಫೋಟೊವನ್ನು ಎದೆಗವಚಿಕೊಂಡು ಓಡಿಬಂದಳು. "ಸೂಟು ಬಾಡಿಗೇದು ಅಪ್ಪ!"

"ನಾನೇ ಒಗೆದು ಕೊಡ್ತೀನಿ," ಎಂದ ಸಾಂಗ್‌ಗು.

ಎರಡನೇ ಮೆಟ್ಟಿಲು. ಮೂರನೆಯದು. ನೀರು ಅವನೆಣಿಸಿದಷ್ಟು ತಣ್ಣಗಿರಲಿಲ್ಲ. ಪ್ಯಾಂಟಿನೊಳಗಿನ ಗಾಳಿ ಗುಳುಗುಳು ಎಂದು ಹೊರಬಂತು. ತೊಡೆಯ ಮೇಲೆ ನೆಟ್ಟಗಿದ್ದ ಇಸ್ತ್ರಿಯ ಗೆರೆ ನೀರಿಗೆ ಇಳಿದ ಕಡೆ ಪಕ್ಕಕ್ಕೆ ಮುರಿದು, ಅಲ್ಲಿಂದ ಕೆಳಗೆ ಸಡಿಲವಾಗಿ ಅಲುಗಾಡುತ್ತ ಹೋಯಿತು.