ಬಾಗಿಲ ಸಂದಿಯ ತಂತಿ

ಕಲ್ಲುಗಣಿಯಲ್ಲಿ ಉದ್ದಣ್ಣ ಸತ್ತ ಹದಿನೆಂಟನೆಯ ದಿನ ಮ್ಯಾನೇಜರು ತಾನೇ ರೇಡಿಯೋ ಅಕ್ಕನ ಅಂಗಡಿಗೆ ಬಂದ. ಯಾವತ್ತೂ ಹೇಳಿಕಳಿಸುವವನೇ ಹೊರತು ಬರುವವನಲ್ಲ. ಬಂದವನು ಕೂರಲೂ ಇಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಮಾತಾಡಿದ.

"ಉಳಿದ ಎಂಟು ಪಿಕಪ್ಪಿನ ರೇಡಿಯೋನೂ ಒಂದ್ಸಲ ನೋಡ್ಬಿಡಿ. ಎಲ್ಲಾ ಸರಿ ಇದೆ ಅಂತ ಒಂದು ಕಾಗದ ಬರ್ಕೊಡಿ. ಮೇಲಿನವರು ಕೇಳ್ತಿದ್ದಾರೆ."

"ಸರಿ ಇದ್ರೆ ಬರ್ಕೊಡ್ತೀನಿ" ಎಂದಳು ಅಕ್ಕ.

"ಇರತ್ತೆ ಬಿಡಿ. ನೀವೇ ಹಾಕಿದ್ದಲ್ವಾ?" ಎಂದು ಅವನು ನಕ್ಕ.

ಹೌದು, ಅವಳೇ ಹಾಕಿದ್ದು. ಹೋದ ವರ್ಷ ಒಂಬತ್ತು ಹೊಸ ಪಿಕಪ್ಪುಗಳಿಗೆ ಎರಡೇ ದಿನದಲ್ಲಿ ರೇಡಿಯೋ ಕೂರಿಸಿ, ತಲೆಯ ಮೇಲೆ ಆಂಟೆನಾ ನಿಲ್ಲಿಸಿಕೊಟ್ಟಿದ್ದಳು. ಈ ಕೆಲಸವನ್ನು ಅವಳಿಗೆ ಕಲಿಸಿದವನು ಗಂಡನ ಅಪ್ಪ. ಗಂಡನಿಗೆ ತಂತಿ ಕಂಡರೆ ಮೈಯುರಿ, ಅವನು ಬೇಕರಿಯಲ್ಲಿ ಬ್ರೆಡ್ಡು ಬೇಯಿಸಿಕೊಂಡು ಹಾಯಾಗಿದ್ದ. ಮಾವನ ಕಿವಿ ಈಗ ಪೂರ್ತಿ ಹೋಗಿತ್ತು. ನಲವತ್ತು ವರ್ಷ ಊರವರ ರೇಡಿಯೋಗಳಿಗೆಲ್ಲ ದನಿ ಕೊಟ್ಟ ಮನುಷ್ಯ ಈಗ ಸ್ಪೀಕರಿನ ಮೇಲೆ ಎರಡು ಬೆರಳಿಟ್ಟು, ಅದರ ನಡುಕದಿಂದಲೇ ಸೆಟ್ಟು ಮಾತಾಡುತ್ತಿದೆಯೋ ಇಲ್ಲವೋ ಹೇಳುತ್ತಿದ್ದ.

ಗಣಿಯಲ್ಲಿ ಬಂಡೆ ಸಿಡಿಸುವ ಮುಂಚೆ ಗುಡ್ಡದ ಮೇಲಿನ ಗುಡಿಸಲಿನಿಂದ ಮದ್ದಿನ ಮೇಸ್ತ್ರಿ ಮೂರು ಸಲ ರೇಡಿಯೋದಲ್ಲಿ ಕೂಗುತ್ತಾನೆ. ಗುಂಡಿಯೊಳಗೆ ಇರುವವರು ಉತ್ತರ ಕೊಡಬೇಕು. ಮೂರು ಕೂಗಿಗೂ ಸದ್ದಿಲ್ಲದಿದ್ದರೆ ಒಳಗೆ ಯಾರೂ ಇಲ್ಲವೆಂದು ಲೆಕ್ಕ. ಅವತ್ತೂ ಸದ್ದಿರಲಿಲ್ಲ. ಮೇಸ್ತ್ರಿ ಸಿಡಿಸುವ ಯಂತ್ರದ ಗುಂಡಿ ಒತ್ತಿದ. ತಿರುವಿನಾಚೆ ಉದ್ದಣ್ಣನ ಪಿಕಪ್ಪು ನಿಂತಿದ್ದುದು ಗೊತ್ತಾದದ್ದು ಕಲ್ಲು ತೆಗೆಯುವಾಗ. ಊಟ ಮುಗಿಸಿ ರೇಡಿಯೋ ಆರಿಸಿ ಮಲಗಿದ್ದ ಎಂದು ಕಂಪನಿ ಹೇಳಿತು. ಎಲ್ಲರೂ ನಂಬಿದರು, ಯಾಕೆಂದರೆ ಉದ್ದಣ್ಣ ನಿಂತಲ್ಲೇ ನಿದ್ದೆ ಹೊಡೆಯುವ ಆಸಾಮಿ ಎಂದು ಮೊದಲೇ ಹೆಸರಾಗಿದ್ದ.

ಮಾರನೆಯ ದಿನ ಅಕ್ಕ ಗಣಿಯ ಅಂಗಳದಲ್ಲಿ ಒಂದೊಂದೇ ಗಾಡಿ ನೋಡಿದಳು. ಎಡಗಡೆ ಬಾಗಿಲು ತೆರೆದು, ಸೀಟಿನ ಮೇಲೆ ಅರ್ಧ ಕುಳಿತು, ಒಂದು ಕಾಲು ಹೊರಗೆ ಇಳಿಬಿಟ್ಟು, ತೊಡೆಯ ಮೇಲೆ ಮೀಟರು. ಮೀಟರಿಗೆ ಎರಡು ಮುಳ್ಳು. ಆಂಟೆನಾಕ್ಕೆ ಎಷ್ಟು ಶಕ್ತಿ ಹೋಯಿತು ಎಂದು ಒಂದು ತೋರಿಸಿದರೆ, ಎಷ್ಟು ವಾಪಸು ಬಂತು ಎಂದು ಇನ್ನೊಂದು. ವಾಪಸಿನ ಮುಳ್ಳು ಎದ್ದರೆ ರೋಗವಿದೆ ಎಂದರ್ಥ. ಎಂಟರಲ್ಲಿ ಒಂದಕ್ಕೂ ಅದು ಅಲುಗಲಿಲ್ಲ.

ನಾಲ್ಕನೆಯ ಗಾಡಿಯ ಡ್ರೈವರು ಪಕ್ಕದಲ್ಲೇ ನಿಂತು ಮೂಗು ಮುರಿಯುತ್ತಿದ್ದ. ಬೆಳಗಾದರೆ ಗೊಣಗಾಟವೇ ಅವನ ಕಸುಬು, ಹಾಗಾಗಿ ಹೆಸರೂ ಗೊಣಗಪ್ಪ.

"ಅದನ್ನ ನಂಬ್ಬೇಡಿ ಅಕ್ಕಾ. ಕೇಳಿಸ್ಕೊಳ್ಳತ್ತೆ, ಮಾತಾಡಲ್ಲ. ನಮ್ಮನೆಯವಳು ಮಾತಾಡ್ತಾಳೆ, ಕೇಳಿಸ್ಕೊಳ್ಳಲ್ಲ. ಎರಡರ ಮಧ್ಯ ನನ್ನ ಗತಿ ನೋಡಿ."

"ಯಾವಾಗ ಮಾತಾಡಲ್ಲ?"

"ಅದಕ್ಕೆ ಮನಸ್ಸಿಲ್ಲದಾಗ. ಕೆಳಗೆ ಇಳಿದ್ರೆ ಜಾಸ್ತಿ."

ಕೆಳಗಿಳಿದು ನೋಡಬೇಕೆಂದು ಮ್ಯಾನೇಜರನ್ನು ಕೇಳಿದ್ದಕ್ಕೆ, "ಸಿಡಿಸೋದು ನಾಲ್ಕು ಗಂಟೆಗೆ. ಮೂರರೊಳಗೆ ಮೇಲೆ ಬನ್ನಿ" ಎಂದ. ಹನ್ನೆರಡಕ್ಕೆ ಇಬ್ಬರೂ ನಾಲ್ಕನೆಯ ಗಾಡಿಯಲ್ಲಿ ಗುಂಡಿಗೆ ಇಳಿದರು.

ಒಳಗಿಳಿದಂತೆ ಮೊಬೈಲಿನ ಸಿಗ್ನಲ್ಲು ಸತ್ತಿತು. ದಾರಿಯ ಬಲಕ್ಕೆ ಹೊಸ ಬಂಡೆಗೋಡೆ, ಮೈತುಂಬ ಕೊರೆದ ತೂತುಗಳು, ತೂತಿನಿಂದ ತೂತಿಗೆ ಹೆಣೆದ ಕೆಂಪು ತಂತಿ. ಮದ್ದು ತುಂಬಿ ಮುಗಿದಿತ್ತು, ಆದರೆ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ತಿರುವು ದಾಟಿದ ಮೇಲೆ, ಸುತ್ತೆಲ್ಲ ಜಲ್ಲಿ ಚೆಲ್ಲಿದ ನೆಲದಲ್ಲಿ ಒಂದು ಗಾಡಿಯಷ್ಟಗಲ ಮಾತ್ರ ಗುಡಿಸಿದ ಹಾಗೆ ಬೋಳಾಗಿತ್ತು. ಅಲ್ಲಿಯವರೆಗೆ ಟಯರಿನಿಂದ ಹಿಡಿದು ಸೂರ್ಯನವರೆಗೆ ಎಲ್ಲವನ್ನೂ ಬಯ್ಯುತ್ತ ಬಂದ ಗೊಣಗಪ್ಪ ತುಟಿಪಿಟಕ್ಕೆನ್ನದೆ, ಮುಖ ಆಚೆ ತಿರುಗಿಸಿಕೊಂಡು ಅದನ್ನು ದಾಟಿದ. ಯಾವ ಜಾಗ ಎಂದು ಅಕ್ಕ ಕೇಳಬೇಕಾಗಿಯೇ ಬರಲಿಲ್ಲ.

ಇನ್ನೂ ಸ್ವಲ್ಪ ಮುಂದೆ ನಿಲ್ಲಿಸಿದರು. ಗಾಳಿಗೆ ಕಲ್ಲುಪುಡಿ ಕಣ್ಣಿಗೆ ನುಗ್ಗುತ್ತಿತ್ತು. ಬಾಗಿಲು ಕಿಟಕಿ ಎಲ್ಲ ಮುಚ್ಚಿ ಅಕ್ಕ ಕೆಲಸಕ್ಕೆ ಕೂತಳು. ಸೆಟ್ಟಿನ ಹಿಂದಿನ ಕೇಬಲ್ಲು ಕಳಚಿ, ತುದಿ ಉಜ್ಜಿ, ಫ್ಯೂಸು ನೋಡಿ, ಮಧ್ಯೆ ಮೀಟರು ಸೇರಿಸುವ ಹೊತ್ತಿಗೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ರೇಡಿಯೋ ಕಿವುಡಾಗಿತ್ತು. ಮತ್ತೆ ಜೋಡಿಸಿದ್ದೇ ತಡ, ಮೇಸ್ತ್ರಿಯ ದನಿ ಗಾಡಿಯ ತುಂಬ ತುಂಬಿಕೊಂಡಿತು.

"...ಎರಡನೇ ಕೂಗು. ಗುಂಡಿ ಒಳಗೆ ಯಾರಾದ್ರೂ ಇದ್ರೆ ಹೇಳಿ. ಐದು ನಿಮಿಷ ಇದೆ."

ಗಡಿಯಾರದಲ್ಲಿ ಒಂದಕ್ಕೆ ಐದು ನಿಮಿಷವಿತ್ತು.

"ನಾಲ್ಕಕ್ಕಲ್ವಾ?" ಎಂದ ಗೊಣಗಪ್ಪ.

ಅಕ್ಕ ಮೈಕು ಕಿತ್ತುಕೊಂಡು ಅದರ ಗುಂಡಿ ಒತ್ತಿದಳು. "ನಾಲ್ಕನೇ ಗಾಡಿ ಒಳಗಿದೆ. ನಿಲ್ಸಿ. ನಾವಿಬ್ಬರು ಒಳಗಿದ್ದೀವಿ."

ಬೆರಳು ತೆಗೆದಳು. ಗರಗರ ಸದ್ದು. ಆಮೇಲೆ ಮೇಸ್ತ್ರಿ, ಪಕ್ಕದವರಿಗೆ ಹೇಳುವಂತೆ, ನಿರಾಳವಾಗಿ: "ಯಾರೂ ಇಲ್ಲ."

ಅವಳು ಮತ್ತೆ ಒತ್ತಿದಳು, ಕೂಗಿದಳು. ಮೀಟರಿನಲ್ಲಿ ವಾಪಸಿನ ಮುಳ್ಳು ಎದ್ದು ಬಲದ ಕೊನೆಗೆ ಬಡಿದು ನಿಂತಿತ್ತು. ಅವಳ ಮಾತು ಆಂಟೆನಾ ಮುಟ್ಟದೆ ತಿರುಗಿ ಗಾಡಿಯೊಳಕ್ಕೇ ಬರುತ್ತಿತ್ತು.

ಗೊಣಗಪ್ಪನ ಕೈ ಕೀಲಿಗೆ ಹೋಯಿತು. ಅಕ್ಕ ಮಣಿಕಟ್ಟು ಹಿಡಿದಳು. "ಎಲ್ಲಿಗೆ ಹೋಗ್ತೀಯ? ಇರೋದು ಒಂದೇ ದಾರಿ. ಮದ್ದು ತುಂಬಿರೋ ಆ ಗೋಡೆ ಕೆಳಗೇ ಹೋಗ್ಬೇಕು."

ಅವನು ಹಾರನ್ನಿನ ಮೇಲೆ ಮೊಣಕೈ ಊರಿದ. ಮೇಲೆ ಕಲ್ಲು ಅರೆಯುವ ಯಂತ್ರದ ಆರ್ಭಟದಲ್ಲಿ ಆ ಸದ್ದು ಯಾರ ಕಿವಿಗೂ ಬೀಳುವಂತಿರಲಿಲ್ಲ.

ಅದೇ ಸೆಟ್ಟು, ಅದೇ ಕೇಬಲ್ಲು, ಅದೇ ಆಂಟೆನಾ. ಅಂಗಳದಲ್ಲಿ ಸರಿಯಿದ್ದದ್ದು ಇಲ್ಲಿ ಯಾಕೆ ಇಲ್ಲ? ಆಂಟೆನಾದ ಬುಡ ಸಡಿಲವಿರಬಹುದೆಂದು ಅವಳು ಮೈಕನ್ನು ಗೊಣಗಪ್ಪನ ಕೈಗೆ ತುರುಕಿ, "ಒತ್ತಿ ಹಿಡ್ಕೊ, ಬಿಡ್ಬೇಡ" ಎಂದು ಹೇಳಿ ಬಾಗಿಲು ತೆರೆದು ಕೆಳಗೆ ಹಾರಿದಳು. ಛಾವಣಿಗೆ ಕೈ ಚಾಚುತ್ತ ಒಮ್ಮೆ ತಿರುಗಿ ಸೀಟಿನ ಮೇಲಿನ ಮೀಟರು ನೋಡಿದಳು.

ವಾಪಸಿನ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು.

ಅವಳು ಆಂಟೆನಾ ಮುಟ್ಟಿಯೇ ಇರಲಿಲ್ಲ. ಬಾಗಿಲನ್ನು ಚೌಕಟ್ಟಿಗೆ ತಾಗುವಷ್ಟು ತಳ್ಳಿದಳು, ಮುಳ್ಳು ಎದ್ದಿತು. ಎಳೆದಳು, ಬಿತ್ತು. ಕೇಬಲ್ಲು ಛಾವಣಿಯಿಂದ ಬಾಗಿಲ ಸಂದಿಯಲ್ಲಿ ನುಸುಳಿ ಒಳಗೆ ಬರುತ್ತಿತ್ತು, ಬಾಗಿಲು ಮುಚ್ಚಿದಾಗಲೆಲ್ಲ ಅಲ್ಲಿ ಜಜ್ಜಿಕೊಳ್ಳುತ್ತಿತ್ತು. ಅದನ್ನು ಅಲ್ಲಿ ನುಸುಳಿಸಿದ್ದು ಅವಳೇ ಕೈಯಾರೆ.

"ಬಾಗಿಲು ಮುಟ್ಬೇಡ!" ಎನ್ನುತ್ತ ಅವಳು ಮೈಕು ಕಸಿದುಕೊಂಡಳು. "ಮೇಸ್ತ್ರೀ, ನಾಲ್ಕನೇ ಗಾಡಿ ತಿರುವಿನಾಚೆ ಇದೆ. ನಾನು, ರೇಡಿಯೋ ಅಕ್ಕ. ಒತ್ಬೇಡಿ. ಒತ್ಬೇಡಿ."

ಏನೂ ಕೇಳಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಆಗ ಮೇಸ್ತ್ರಿಯ ದನಿ ಬಂತು, ಮುದುಕನ ದನಿಯಂತೆ ಒಡೆದು.

"ಕೈ ತೆಗ್ದೆ. ಅಕ್ಕಾ, ಕೈ ತೆಗ್ದೆ. ಅಲ್ಲೇ ಇರಿ. ಸಿಡಿಸೋ ಯಂತ್ರದ ಕೀಲಿ ಕಿತ್ಕೊಂಡು ನಾನೇ ಬರ್ತೀನಿ."

ಅವನು ಬರುವವರೆಗೆ ಇಬ್ಬರೂ ಗಾಡಿಯ ನೆರಳಲ್ಲಿ ಕುಳಿತರು. ಗೊಣಗಪ್ಪ ಜಲ್ಲಿಯಲ್ಲಿ ಬೆರಳಾಡಿಸುತ್ತ ಹೇಳಿದ:

"ಉದ್ದಣ್ಣನ್ನ ಹೊರಗೆ ತೆಗೆದವರಲ್ಲಿ ನಾನೂ ಇದ್ದೆ. ಮೈಕು ಕೈಯಲ್ಲೇ ಇತ್ತು ಅಕ್ಕಾ. ಹೆಬ್ಬೆರಳು ಗುಂಡಿ ಮೇಲೇ ಇತ್ತು. ಬಿಡಿಸೋಕೆ ಆಗ್ಲಿಲ್ಲ, ವೈರು ಕತ್ತರಿಸಿದ್ವಿ."

"ಯಾರಿಗೂ ಹೇಳ್ಲಿಲ್ವಾ?"

"ಮ್ಯಾನೇಜರು ನೋಡಿದ್ರು. ಬಾಯಿ ಮುಚ್ಕೊಂಡಿರು ಅಂದ್ರು. ಇದ್ದೆ."

ಅಕ್ಕ ಅವನನ್ನು ಬಯ್ಯಲಿಲ್ಲ. ಅವಳ ಕಣ್ಣ ಮುಂದೆ ಹೋದ ವರ್ಷದ ಅಂಗಳವಿತ್ತು. ಛಾವಣಿಗೆ ತೂತು ಕೊರೆದು ಕೇಬಲ್ಲು ನೇರ ಇಳಿಸಬೇಕು ಎಂದು ಮಾವ ಹೇಳಿದ್ದ. ಹೊಸ ಗಾಡಿಗೆ ತೂತಾ ಎಂದು ಮ್ಯಾನೇಜರು ಹಾರಾಡಿದ್ದ. ಬಾಗಿಲಿಗೆ ರಬ್ಬರು ಇದೆಯಲ್ಲ, ಏನೂ ಆಗದು ಎಂದು ಅವಳು ತಲೆಯಾಡಿಸಿದ್ದಳು. ದಿನಕ್ಕೆ ನಲವತ್ತು ಸಲ ಧಡಾರನೆ ಬೀಳುವ ಬಾಗಿಲಿನ ಯೋಚನೆ ಅವತ್ತು ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಎಂಟು ಗಾಡಿಗಳನ್ನೂ ಬಾಗಿಲು ತೆರೆದಿಟ್ಟೇ ನೋಡಿದ್ದಳು.

ಮೇಲೆ ಬಂದವಳು ನೇರ ಅಂಗಳದ ಹಿಂಭಾಗಕ್ಕೆ ನಡೆದಳು. ಟಾರ್ಪಾಲಿನ ಕೆಳಗೆ ಉದ್ದಣ್ಣನ ಪಿಕಪ್ಪು ಬಿದ್ದಿತ್ತು. ಛಾವಣಿ ಸೀಟಿಗೆ ಅಂಟಿಕೊಂಡಿದ್ದರೂ ಎಡಬಾಗಿಲ ಮೇಲ್ತುದಿ ಉಳಿದಿತ್ತು. ಕೇಬಲ್ಲು ಅಲ್ಲಿ ಲಾಡಿಯಂತೆ ಚಪ್ಪಟೆಯಾಗಿತ್ತು. ಒಳಗಿನ ತಾಮ್ರ ಕಪ್ಪುಗಟ್ಟಿತ್ತು, ಅದು ಒಂದು ದಿನದಲ್ಲಿ ಆದ ಗಾಯವಲ್ಲ. ಅವಳು ಒಂದು ಗೇಣು ಕತ್ತರಿಸಿಕೊಂಡಳು.

"ಅದ್ಯಾಕೆ ನಿಮಗೆ?" ಮ್ಯಾನೇಜರು ಹಿಂದೆಯೇ ನಿಂತಿದ್ದ.

"ಒಂದು ಗಂಟೆಗೆ ಯಾಕೆ ಸಿಡಿಸೋಕೆ ಹೇಳಿದ್ರಿ?"

"ನಾಲ್ಕಕ್ಕೆ ಯಾರೋ ದೊಡ್ಡವರು ನೋಡೋಕೆ ಬರ್ತಾರೆ ಅಂತಾಯ್ತು. ರೇಡಿಯೋದಲ್ಲಿ ಎಲ್ಲರಿಗೂ ಹೇಳ್ಸಿದ್ನಲ್ಲ. ನೀವೂ ಕೇಳಿಸ್ಕೊಂಡು ಮೇಲೆ ಬಂದಿರ್ತೀರಿ ಅಂದ್ಕೊಂಡೆ." ಅವನ ದನಿ ಮೆತ್ತಗಿತ್ತು, ಆಸ್ಪತ್ರೆಯಲ್ಲಿ ಮಾತಾಡುವವರ ಹಾಗೆ. "ನೋಡಿ, ಆ ತುಂಡು ಹೊರಗೆ ಹೋದ್ರೆ ಮೊದಲು ಬರೋದು ನಿಮ್ಮ ಹೆಸರು. ಅವನು ಮಲಗಿದ್ದ ಅಂದ್ರೆ ಯಾರಿಗೂ ತೊಂದರೆ ಇಲ್ಲ. ಸತ್ತವನಿಗಂತೂ ಇಲ್ವೇ ಇಲ್ಲ. ಕಾಗದ ಬೆಳಿಗ್ಗೆ ಸಿಕ್ಕಿದ್ರೆ ಸಾಕು. ಎಂಟು ಗಾಡೀನೂ ಏಳು ಗಂಟೆಗೆ ಒಳಗೆ ಹೋಗ್ತಾವೆ."

ಮನೆಯಲ್ಲಿ ಮಾವ ಆ ತುಂಡನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಸವರಿದ. ಚಪ್ಪಟೆಯಾದ ಜಾಗಕ್ಕೆ ಬಂದಾಗ ಬೆರಳು ನಿಂತಿತು.

"ಬಾಗಿಲಲ್ಲಿ ಹಾಕಿದ್ಯಾ?" ಕಿವುಡರ ಏರುದನಿ, ಎದುರುಮನೆಗೂ ಕೇಳುವಷ್ಟು.

ಅವಳು ತುಟಿ ಅಗಲಿಸಿ ಹೇಳಿದಳು: "ಹಾಕಿದ್ದೆ ಮಾವ. ಒಂಬತ್ತಕ್ಕೂ."

ಅವನು ತುಂಡನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. "ನಾನೂ ನೋಡಿದ್ದೆ ಕಣಮ್ಮ. ನೋಡಿ ಸುಮ್ಮನಿದ್ದೆ."

ಬೆಳಿಗ್ಗೆ ಆರೂವರೆಗೆ ಅವಳು ಗಣಿಯ ಗೇಟಿನಲ್ಲಿದ್ದಳು. ಕಾಗದ ತಂದಿರಲಿಲ್ಲ, ಮೀಟರು ತಂದಿದ್ದಳು. ಎಂಟೂ ಡ್ರೈವರುಗಳನ್ನು ಕರೆದು ಹೇಳಿದಳು: "ಅವರವರ ಗಾಡೀಲಿ ಕೂತು ಎಡಬಾಗಿಲು ನೀವೇ ಹಾಕ್ಕೊಳ್ಳಿ. ಮೈಕು ನೀವೇ ಒತ್ತಿ. ಈ ಮುಳ್ಳು ಏನು ಮಾಡತ್ತೆ, ನೀವೇ ನೋಡಿ."

ಎಂಟರಲ್ಲಿ ಐದಕ್ಕೆ ಮುಳ್ಳು ಎದ್ದಿತು. ಎರಡನೆಯ ಗಾಡಿಯವನು ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ ಇಳಿದು ಬಂದು ಚರಂಡಿಯ ಬದಿ ಕುಕ್ಕರಗಾಲಲ್ಲಿ ಕೂತ. ಉದ್ದಣ್ಣನ ಹೆಬ್ಬೆರಳಿನ ಮಾತನ್ನು ಗೊಣಗಪ್ಪ ಆಗ ಎಲ್ಲರೆದುರು ಹೇಳಿದ. ಏಳು ಹೊಡೆಯಿತು, ಒಂದು ಗಾಡಿಯೂ ಗುಂಡಿಗೆ ಇಳಿಯಲಿಲ್ಲ. ಆಫೀಸಿನ ಕಿಟಕಿಯ ಪರದೆ ಒಮ್ಮೆ ಸರಿದು ಮತ್ತೆ ಮುಚ್ಚಿಕೊಂಡಿತು.

ಅಲ್ಲಿಂದ ಅವಳು ಉದ್ದಣ್ಣನ ಮನೆಗೆ ಹೋದಳು. ಹೆಂಡತಿ ಬಟ್ಟೆ ಹಿಂಡುತ್ತಿದ್ದಳು. ಒದ್ದೆ ಕೈಯಲ್ಲೇ ಕೇಬಲ್ಲಿನ ತುಂಡು ತೆಗೆದುಕೊಂಡು, ಅಕ್ಕ ಹೇಳಿದ್ದನ್ನೆಲ್ಲ ಕೇಳಿದಳು.

"ಹಾಗಾದ್ರೆ ಮಲಗಿರ್ಲಿಲ್ಲ."

"ಇಲ್ಲ."

"ಕೂಗಿದ್ರು."

"ಕೂಗಿದ್ರು. ನಾನು ಹಾಕಿದ ತಂತೀಲಿ ಅದು ಹೊರಗೆ ಹೋಗ್ಲಿಲ್ಲ."

ಆ ಹೆಂಗಸು ತುಂಡನ್ನು ಹಿಂದಿರುಗಿಸಿದಳು. "ನನ್ನ ಮೈದುನ, ನಮ್ಮತ್ತೆ, ಬೀದಿಯವರು, ಎಲ್ಲರೂ ನಿದ್ದೆಬುರುಕ ಅಂದ್ರು. ನಾನೂ ಅಂದ್ಕೊಂಡೆ. ಹತ್ತು ಜನರ ಮುಂದೆ ಹೇಳ್ತೀಯಾ ಇದನ್ನ?"

"ಹೇಳ್ತೀನಿ."

"ಹೇಳು. ಆಮೇಲೆ ಈ ಕಡೆ ಬರ್ಬೇಡ."

ಉದ್ದಣ್ಣನ ಸಾವಿನ ಬಗ್ಗೆ ಆಮೇಲೆ ನಡೆದ ಸರ್ಕಾರಿ ವಿಚಾರಣೆಯಲ್ಲಿ ಅಕ್ಕ ಒಂದು ಮಾತನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಿಲ್ಲ. ಒಂದು ವರ್ಷ ಅವಳು ಯಾವ ಗಾಡಿಯನ್ನೂ ಮುಟ್ಟಕೂಡದೆಂದು ತೀರ್ಪಾಯಿತು. ಅಂಗಡಿಯ ಬಾಗಿಲು ಹಾಕಿ, ಗಂಡನ ಬೇಕರಿಯಲ್ಲಿ ಬ್ರೆಡ್ಡು ಕಟ್ಟುವ ಕೆಲಸಕ್ಕೆ ನಿಂತಳು. ಮ್ಯಾನೇಜರನ್ನು ತೆಗೆದರು. ಛಾವಣಿಗಳಿಗೆ ಬೇರೆ ಯಾರೋ ಬಂದು ತೂತು ಕೊರೆದರು. ಸದ್ದಿಲ್ಲದಿದ್ದರೆ ಯಾರೂ ಇಲ್ಲ ಎಂಬ ಲೆಕ್ಕ ಹೋಯಿತು. ಇನ್ನು ಒಂದೊಂದು ಗಾಡಿಯೂ ತಾನು ಹೊರಗಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ಉದ್ದಣ್ಣನ ಹೆಂಡತಿ ದಾರಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದಳು. ಅಕ್ಕ ಅವಳನ್ನು ಕರೆದು ನಿಲ್ಲಿಸಲಿಲ್ಲ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಗೊಣಗಪ್ಪ ಬೇಕರಿಗೆ ಬಂದ. ಬಂದವನೇ ಶುರು ಮಾಡಿದ.

"ಇವತ್ತು ಹೊಟ್ಟೆಗಿಲ್ದೆ ಸತ್ವಿ ಅಕ್ಕಾ. ಏಳು ಗಾಡಿ ಹೊರಗೆ ಅಂದ್ವು. ಆರನೇ ನಂಬರಿನ ಗಾಡಿ ಮಾತ್ರ ಉಸಿರೆತ್ಲಿಲ್ಲ. ಮೇಸ್ತ್ರಿ ಕೀಲಿ ಕಿತ್ತು ಜೇಬಲ್ಲಿಟ್ಕೊಂಡು ಕೂತ್ಬಿಟ್ಟ. ಹೊಸ ಮ್ಯಾನೇಜರು ಕುಣಿದಾಡಿದ್ರು, ಅವನು ಕೇಳ್ಲಿಲ್ಲ. ಮೂರು ಗಂಟೆ ಹುಡುಕಿದ್ವಿ ಅಕ್ಕಾ, ಮೂರು ಗಂಟೆ!"

"ಸಿಕ್ಕಿದ್ನಾ?"

"ಗೇಟಿನ ಹೊರಗೆ, ಮರದ ಕೆಳಗೆ. ಬಾಯಿ ತಕ್ಕೊಂಡು ಗೊರಕೆ ಹೊಡೀತಿದ್ದ ನನ್ಮಗ. ಎಲ್ಲರೂ ಸೇರಿ ಬೈದ ಬೈಗುಳ, ಅವನ ಮೂರು ತಲೆಮಾರಿಗೆ ಸಾಕು."

ಅಕ್ಕ ಒಂದು ಬಿಸಿ ಬ್ರೆಡ್ಡು ಕಟ್ಟಿ ಅವನ ಮುಂದೆ ತಳ್ಳಿದಳು. ಅವನು ಗೊಣಗುತ್ತಲೇ ಮುರಿದು ತಿನ್ನತೊಡಗಿದ.